ಸ್ವಂತ ಉದ್ಯಮದಲ್ಲಿ ದುಡಿಮೆ ಮತ್ತು ಬಿಡುವು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ವ್ಯವಹಾರ ನಡೆಸುವವರು ದುಡಿಮೆ ಮತ್ತು ವಿಶ್ರಾಂತಿಯ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬಿಡುವು ಸಿಗದಿರುವ ಕಾರಣವನ್ನು ಮಾಲೀಕರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ವ್ಯವಹಾರವನ್ನು ಕಟ್ಟಿರುವ ಬಗೆಯಲ್ಲಿ ಹುಡುಕುವುದು ಹೆಚ್ಚು ಫಲ ಕೊಡುತ್ತದೆ ಎಂಬ ನಿಲುವಿನಿಂದ ಈ ಉತ್ತರಗಳು ಹೊರಟಿವೆ.

ಕೆಲಸದ ಒತ್ತಡ ನೌಕರರಿಗೂ ಇರುತ್ತದೆ. ಮಾಲೀಕರ ಸ್ಥಿತಿ ಯಾವ ರೀತಿಯಲ್ಲಿ ಬೇರೆ?

ನೌಕರರ ರಜೆಯನ್ನು ಮೇಲಿನವರೊಬ್ಬರು ಮಂಜೂರು ಮಾಡುತ್ತಾರೆ, ಅವರು ಇಲ್ಲದ ದಿನ ಆ ಕೆಲಸವನ್ನು ಯಾರು ನೋಡಿಕೊಳ್ಳಬೇಕು ಎಂಬುದು ಸಂಸ್ಥೆಯ ತಲೆನೋವು. ಮಾಲೀಕರ ವಿಷಯದಲ್ಲಿ ರಜೆ ಕೇಳುವವರೂ ಕೊಡುವವರೂ ಬದಲಿ ವ್ಯವಸ್ಥೆ ಮಾಡಬೇಕಾದವರೂ ಒಬ್ಬರೇ ಆಗಿರುವುದರಿಂದ, ಕೆಲಸ ಸ್ವಲ್ಪ ಹೆಚ್ಚಾದರೂ ಮೊದಲು ರದ್ದಾಗುವುದು ಅವರ ರಜೆಯೇ. ಸಿಬ್ಬಂದಿಯ ಸಂಬಳ, ಸಾಲದ ಕಂತು, ವಸೂಲಾಗದ ಬಾಕಿ ಎಲ್ಲವೂ ಅವರ ಹೆಸರಿಗೇ ಬರುವುದರಿಂದ ಬಾಗಿಲು ಹಾಕಿದ ಮೇಲೂ ವ್ಯವಹಾರ ತಲೆಯಲ್ಲಿ ತೆರೆದೇ ಇರುತ್ತದೆ. ಕೆಲಸದ ಗಂಟೆಗೆ ಮಿತಿ ಹಾಕುವ ಕಾನೂನುಗಳು ಹೆಚ್ಚಾಗಿ ನೌಕರರನ್ನು ಉದ್ದೇಶಿಸಿದವು. ಸ್ವಂತ ಉದ್ಯಮಿಗೆ ‘ಇಂದಿಗೆ ಸಾಕು’ ಎಂದು ಹೇಳುವ ಕಾನೂನು ಸಾಮಾನ್ಯವಾಗಿ ಇರುವುದಿಲ್ಲ.

ವಾರಕ್ಕೆ ಎಷ್ಟು ಗಂಟೆ ದುಡಿದರೆ ಅತಿಯಾಯಿತು ಎನ್ನಬಹುದು?

ಎಲ್ಲರಿಗೂ ಹೊಂದುವ ಒಂದೇ ಗೆರೆ ಇಲ್ಲ. ಆದರೆ ಗೆರೆ ಎಲ್ಲಿರಬಹುದು ಎಂದು ಅಂದಾಜು ಮಾಡಲು ಸಾಕಷ್ಟು ಆಧಾರಗಳಿವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಅಂಗೀಕರಿಸಿದ ತನ್ನ ಮೊದಲ ಒಡಂಬಡಿಕೆಯಲ್ಲಿಯೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಇಟ್ಟಿತು. 1921ರ ಇನ್ನೊಂದು ಒಡಂಬಡಿಕೆ ಏಳು ದಿನಗಳಲ್ಲಿ ಕನಿಷ್ಠ 24 ಗಂಟೆಗಳ ಸತತ ವಿಶ್ರಾಂತಿ ಇರಬೇಕೆಂದಿತು. ಇದೇ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

ಆರೋಗ್ಯದ ಮಾತು ಹಾಗಿರಲಿ, ಉತ್ಪಾದನೆಯ ಲೆಕ್ಕವೇ ಹೆಚ್ಚು ಕಣ್ಣು ತೆರೆಸುವಂಥದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ಗಂಟೆ ಮತ್ತು ತಯಾರಿಕೆಯ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕವೆಲ್ 2014ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದರು. ವಾರಕ್ಕೆ ಸುಮಾರು 50 ಗಂಟೆಯವರೆಗೆ ಗಂಟೆ ಹೆಚ್ಚಿದಷ್ಟೂ ತಯಾರಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು, ಅಲ್ಲಿಂದ ಮುಂದೆ ಏರಿಕೆ ಕುಂಟತೊಡಗಿತು, 70 ಗಂಟೆ ದುಡಿದ ವಾರದ ತಯಾರಿಕೆಗೂ 56 ಗಂಟೆಯ ವಾರದ ತಯಾರಿಕೆಗೂ ಹೆಚ್ಚಿನ ಅಂತರವೇ ಕಾಣಲಿಲ್ಲ. ವಾರದ ರಜೆಯಿಲ್ಲದೆ ದುಡಿಸಿದಾಗ ಫಲ ಇನ್ನೂ ತಗ್ಗುತ್ತಿತ್ತು. ಅದು ಕೈಗಳ ಕೆಲಸ, ತಯಾರಾದದ್ದನ್ನು ಎಣಿಸಬಹುದಿತ್ತು. ದರ ನಿಗದಿ ಮಾಡುವುದು, ಸರಿಯಾದ ಜನರನ್ನು ಆರಿಸುವುದು, ಯಾವ ಆರ್ಡರ್ ಒಪ್ಪಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಮಾಲೀಕರ ಕೆಲಸ. ಅಲ್ಲಿ ದಣಿವಿನಿಂದಾದ ನಷ್ಟ ಎಣಿಕೆಗೆ ಸಿಗದೆ ತಿಂಗಳುಗಳ ನಂತರ ಬೇರೆ ಯಾವುದೋ ಹೆಸರಿನಲ್ಲಿ ಲೆಕ್ಕಪತ್ರದೊಳಗೆ ಕಾಣಿಸಿಕೊಳ್ಳುತ್ತದೆ.

ಹಗಲು ರಾತ್ರಿ ದುಡಿದವರೇ ಮೇಲೆ ಬಂದಿದ್ದಾರೆ. ಹಾಗಿರುವಾಗ ಬಿಡುವಿನ ಮಾತು ಸೋಮಾರಿತನವಾಗುವುದಿಲ್ಲವೇ?

ಮೈಮುರಿದು ದುಡಿದು ಮೇಲೆ ಬಂದವರ ಸಂದರ್ಶನಗಳು ನಮ್ಮ ಕಣ್ಣಿಗೆ ಬೀಳುತ್ತವೆ, ಅಷ್ಟೇ ದುಡಿದು ಅಂಗಡಿ ಮುಚ್ಚಿದವರನ್ನು ಯಾರೂ ಸಂದರ್ಶಿಸುವುದಿಲ್ಲ. ದುಡಿಮೆ ಇಲ್ಲದೆ ಉದ್ಯಮ ನಿಲ್ಲದು ಎಂಬುದರಲ್ಲಿ ತಕರಾರಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದ ಗಾದೆಯೂ ಕೈ ತೊಳೆಯಲೇಬಾರದು ಎಂದು ಹೇಳಿಲ್ಲ.

ಆರಂಭದ ವರ್ಷಗಳಲ್ಲಾದರೂ ಅತಿಯಾಗಿ ದುಡಿಯುವುದು ಅನಿವಾರ್ಯವಲ್ಲವೇ?

ಬಹಳಷ್ಟು ಸಂದರ್ಭಗಳಲ್ಲಿ ಅನಿವಾರ್ಯ, ಅದನ್ನು ಅಲ್ಲಗಳೆಯುವ ಸಲಹೆಗಳನ್ನು ನಂಬಬೇಕಿಲ್ಲ. ಬಂಡವಾಳ ಕಡಿಮೆ ಇರುವಾಗ ಮಾಲೀಕರ ಸಮಯವೇ ಬಂಡವಾಳ. ಆದರೆ ಆ ಅವಧಿಗೆ ಮುಗಿಯುವ ದಿನಾಂಕವೊಂದನ್ನು ಮೊದಲೇ ಬರೆದಿಡಬೇಕು, ಆ ದಿನ ಬಂದಾಗ ಯಾವ ಕೆಲಸ ಮೊದಲು ಬೇರೆಯವರ ಕೈಗೆ ಹೋಗಬೇಕು ಎಂಬುದನ್ನೂ ನಿರ್ಧರಿಸಿರಬೇಕು. ದಿನಾಂಕ ಇಲ್ಲದ ‘ಸದ್ಯಕ್ಕೆ’ ಎಂಬುದು ಹತ್ತು ವರ್ಷ ಎಳೆಯುತ್ತದೆ, ಅಷ್ಟರಲ್ಲಿ ಮಾಲೀಕರ ಅತಿದುಡಿಮೆಯನ್ನೇ ನಂಬಿ ದರ, ಗಡುವು, ಸಿಬ್ಬಂದಿಯ ಸಂಖ್ಯೆ ಎಲ್ಲವೂ ಗಟ್ಟಿಯಾಗಿರುತ್ತವೆ.

ನಾನು ದಿನಕ್ಕೆ ಐದಾರು ಗಂಟೆ ಮಲಗಿದರೂ ಚೆನ್ನಾಗಿಯೇ ಇದ್ದೇನೆ. ನಿದ್ರೆಯನ್ನು ಕಡಿಮೆ ಮಾಡಿಕೊಂಡರೆ ಏನು ತಪ್ಪು?

‘ಚೆನ್ನಾಗಿಯೇ ಇದ್ದೇನೆ’ ಎಂಬ ಅನಿಸಿಕೆಯೇ ಇಲ್ಲಿನ ತೊಡಕು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು ವಾರ ಪ್ರತಿ ರಾತ್ರಿ ಆರು ಗಂಟೆಗಿಂತ ಹೆಚ್ಚು ಮಲಗಲು ಬಿಡದೆ ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಅವರ ಗಮನಶಕ್ತಿ ಎರಡು ರಾತ್ರಿಯವರೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ತಮಗೆ ಎಷ್ಟು ಮಂಪರು ಇದೆ ಎಂದು ಕೇಳಿದಾಗ ಅವರು ಅಲ್ಪಸ್ವಲ್ಪ ಎಂದೇ ಹೇಳುತ್ತಿದ್ದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರ ಮತ್ತೊಂದು ಅಧ್ಯಯನ ತೋರಿಸಿತ್ತು. ವಯಸ್ಕರಿಗೆ ನಿಯಮಿತವಾಗಿ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ರೆ ಬೇಕೆಂಬುದು ನಿದ್ರಾತಜ್ಞರ ಸಂಘಟನೆಗಳು 2015ರಲ್ಲಿ ಕೊಟ್ಟ ಶಿಫಾರಸು. ಬೆಳಗಿನ ಮೂರು ಗಂಟೆಗೆ ತಯಾರಿಸಿದ ದರಪಟ್ಟಿಯನ್ನು ಕಳುಹಿಸುವ ಮುನ್ನ ಬೆಳಕಿನಲ್ಲಿ ಇನ್ನೊಮ್ಮೆ ಓದುವ ಅಭ್ಯಾಸ ಇಟ್ಟುಕೊಂಡರೆ, ಕಳೆದುಹೋದ ಒಂದು ಸೊನ್ನೆ ಕಣ್ಣಿಗೆ ಬೀಳುವ ಸಂಭವವಾದರೂ ಇರುತ್ತದೆ.

ಸಾಮಾನ್ಯ ದಣಿವಿಗೂ ಬರ್ನ್‌ಔಟ್ ಎನ್ನುವುದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಸಾಮಾನ್ಯ ದಣಿವು ಒಂದೆರಡು ರಾತ್ರಿಯ ಒಳ್ಳೆಯ ನಿದ್ರೆಗೆ, ಒಂದು ರಜೆಗೆ ತಗ್ಗುತ್ತದೆ. 2022ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋದ ಭಾವನೆ, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಬೇಸರ ಅಥವಾ ತಾತ್ಸಾರ ಮೂಡುವುದು, ಕೆಲಸದಲ್ಲಿ ಸಾಮರ್ಥ್ಯ ಕುಗ್ಗುವುದು. ಮಾಲೀಕರಲ್ಲಿ ಎರಡನೆಯ ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅದು ಬೇರೆ ವೇಷದಲ್ಲಿ ಬರುತ್ತದೆ. ಹಳೆಯ ಗಿರಾಕಿಯ ಫೋನ್ ಬಂದಾಗ ಮೈಯುರಿಯುವುದು, ಹೊಸ ಆರ್ಡರ್ ಬಂದರೂ ಖುಷಿಯಾಗದಿರುವುದು, ಸಣ್ಣ ತಪ್ಪಿಗೂ ಸಿಬ್ಬಂದಿಯ ಮೇಲೆ ಹರಿಹಾಯುವುದು ಇವೆಲ್ಲ ವ್ಯವಹಾರದ ಸಮಸ್ಯೆಗಳಂತೆ ಕಾಣುತ್ತವೆ. ನಿದ್ರೆ ಬಾರದಿರುವುದು, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡವೆನಿಸುವುದು ಇದ್ದರೆ ರಜೆಯ ಯೋಜನೆ ಹಾಕುತ್ತ ಕೂರದೆ ವೈದ್ಯರನ್ನು ಕಾಣಬೇಕು.

ನಾನು ಒಂದು ದಿನ ಇಲ್ಲದಿದ್ದರೂ ಕೆಲಸ ನಿಂತುಹೋಗುತ್ತದೆ. ಬಿಡುವು ತೆಗೆದುಕೊಳ್ಳುವುದಾದರೂ ಹೇಗೆ?

ಉಳಿದ ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ಸೇರುವುದು ಇಲ್ಲಿಗೇ. ಸಣ್ಣ ಮುದ್ರಣಾಲಯವೊಂದರ ಮಾಲೀಕರು ಊಟಕ್ಕೆ ಕೂತ ಅರ್ಧ ಗಂಟೆಯಲ್ಲಿ ನಾಲ್ಕು ಫೋನ್ ಬಂದವು ಎಂದುಕೊಳ್ಳೋಣ. ಹಳೆಯ ಗಿರಾಕಿಯ ಲೆಟರ್‌ಹೆಡ್‌ಗೆ ಕಳೆದ ಬಾರಿ ಬಳಸಿದ್ದು 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕದ ಅಳತೆ) ಕಾಗದವೋ 100 ಜಿಎಸ್‌ಎಂ ಕಾಗದವೋ ಎಂಬುದು ಮೊದಲನೆಯದು. ಹಿಂದಿನ ಬಿಲ್ ಇನ್ನೂ ಬಾಕಿ ಇರುವವರು ಹೊಸ ಕೆಲಸ ತಂದಿದ್ದಾರೆ, ಮುಂಗಡ ಇಲ್ಲದೆ ತೆಗೆದುಕೊಳ್ಳಬಹುದೇ ಎಂಬುದು ಎರಡನೆಯದು. ಬೈಂಡಿಂಗ್ ತಡವಾಗಿದೆ, ಗಿರಾಕಿಗೆ ಏನು ಹೇಳಲಿ ಎಂಬುದು ಮೂರನೆಯದು. ಪ್ರೂಫ್‌ಗಿಂತ ಹಾಳೆಯಲ್ಲಿ ಬಣ್ಣ ತುಸು ಮಂಕಾಗಿದೆ, ಯಂತ್ರ ಓಡಿಸಲೇ ನಿಲ್ಲಿಸಲೇ ಎಂಬುದು ಕೊನೆಯದು.

ಈ ನಾಲ್ಕೂ ಒಂದೇ ಫೋನಿಗೆ ಬಂದರೂ ಒಂದೇ ಜಾತಿಯ ಪ್ರಶ್ನೆಗಳಲ್ಲ. ಮೊದಲನೆಯದು ಬರೀ ಮಾಹಿತಿ, ಗಿರಾಕಿಯ ಹೆಸರಿನ ಪುಟದಲ್ಲಿ ಬರೆದಿಟ್ಟಿದ್ದರೆ ಯಾರನ್ನೂ ಕೇಳಬೇಕಿರಲಿಲ್ಲ. ಎರಡನೆಯದಕ್ಕೆ ಬೇಕಿರುವುದು ನಿಯಮ: ಇಷ್ಟು ದಿನ ಮೀರಿದ ಬಾಕಿ ಇದ್ದರೆ ಮುಂಗಡವಿಲ್ಲದೆ ಹೊಸ ಕೆಲಸವಿಲ್ಲ ಎಂದು ಒಮ್ಮೆ ನಿರ್ಧರಿಸಿದರೆ ಮುಗಿಯಿತು. ಮೂರನೆಯದರಲ್ಲಿ ಸಿಬ್ಬಂದಿಗೆ ಉತ್ತರ ಗೊತ್ತಿದೆ, ಹೇಳುವ ಅಧಿಕಾರ ತಮಗಿದೆಯೇ ಎಂಬುದು ಗೊತ್ತಿಲ್ಲ. ನಾಲ್ಕನೆಯದಕ್ಕೆ ಮಾತ್ರ ಮಾಲೀಕರ ಕಣ್ಣು ಬೇಕು. ಎರಡು ವಾರ ತಮ್ಮ ಬಳಿಗೆ ಬರುವ ಪ್ರತಿ ಪ್ರಶ್ನೆಯನ್ನೂ ಒಂದು ಪುಸ್ತಕದಲ್ಲಿ ಹೀಗೆ ಗುರುತು ಮಾಡುತ್ತ ಹೋದರೆ, ತಾವು ಇಲ್ಲದಿದ್ದರೆ ನಿಂತುಹೋಗುವ ಕೆಲಸ ನಿಜಕ್ಕೂ ಎಷ್ಟು ಎಂಬುದು ಮಾಲೀಕರಿಗೇ ಗೊತ್ತಾಗುತ್ತದೆ. ಅದು ಅಂದುಕೊಂಡದ್ದಕ್ಕಿಂತ ಕಡಿಮೆ ಇರುವುದು ಕೆಲವರಿಗೆ ನೆಮ್ಮದಿ ತಂದರೆ ಇನ್ನು ಕೆಲವರಿಗೆ ಸ್ವಲ್ಪ ನೋವನ್ನೂ ಉಂಟುಮಾಡುತ್ತದೆ.

ಅಧಿಕಾರ ಕೊಟ್ಟ ಮೇಲೆ ಒಂದು ಕಠಿಣ ಶಿಸ್ತು ಪಾಲಿಸಬೇಕಾಗುತ್ತದೆ. ಗಿರಾಕಿಯ ಅಸಮಾಧಾನ ಸರಿಪಡಿಸಲು ಇಂತಿಷ್ಟು ಮೊತ್ತದವರೆಗೆ ಕೇಳದೆ ಖರ್ಚು ಮಾಡಬಹುದು ಎಂದು ಹೇಳಿದ ಮೇಲೆ, ಆ ಮಿತಿಯೊಳಗೆ ತೆಗೆದುಕೊಂಡ ತೀರ್ಮಾನ ಮಾಲೀಕರಿಗೆ ಇಷ್ಟವಾಗದಿದ್ದರೂ ಎಲ್ಲರ ಮುಂದೆ ಆಕ್ಷೇಪಿಸಬಾರದು. ಒಮ್ಮೆ ಬೈಸಿಕೊಂಡವರು ಮರುದಿನದಿಂದ ಎಲ್ಲಕ್ಕೂ ಫೋನ್ ಮಾಡುತ್ತಾರೆ. ಕೊಟ್ಟ ಅಧಿಕಾರ ಹಾಗೆಯೇ ಹಿಂದಕ್ಕೆ ಬಂದಿರುತ್ತದೆ.

ಮಾಲೀಕರು ಇಲ್ಲದಾಗ ಮೋಸ, ಅಜಾಗರೂಕತೆ ನಡೆದರೆ?

ನಡೆಯಬಹುದು. ಆದರೆ ಒಬ್ಬರೇ ಎಂದೂ ಕದಲದೆ ಕೂತಿರುವುದು ಅದಕ್ಕೆ ಮದ್ದು ಎಂಬುದು ತಪ್ಪು ಕಲ್ಪನೆ. ಹಲವು ದೇಶಗಳ ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷದಲ್ಲಿ ಕೆಲವು ದಿನ ಸತತವಾಗಿ ಕಡ್ಡಾಯ ರಜೆಯ ಮೇಲೆ ಹೋಗಬೇಕೆಂಬ ಪದ್ಧತಿ ಇದೆ. ಆ ದಿನಗಳಲ್ಲಿ ಬೇರೊಬ್ಬರು ಆ ಕೆಲಸ ನೋಡಿದಾಗ ಮುಚ್ಚಿಟ್ಟಿದ್ದ ತಪ್ಪುಗಳು ಹೊರಗೆ ಬರುತ್ತವೆ ಎಂಬುದು ಅದರ ಉದ್ದೇಶ. ಮಾಲೀಕರ ಗೈರುಹಾಜರಿಯೂ ಅಂಥದೇ ತಪಾಸಣೆಯಾಗಬಲ್ಲದು. ಹಣ ಪಡೆಯುವವರೂ ಲೆಕ್ಕ ಬರೆಯುವವರೂ ಬೇರೆ ಬೇರೆ ಇರಲಿ, ದಾಸ್ತಾನಿನ ಎಣಿಕೆ ಮುನ್ಸೂಚನೆ ಇಲ್ಲದೆ ನಡೆಯಲಿ, ಬ್ಯಾಂಕ್ ಖಾತೆಯ ವಿವರವನ್ನು ಮಾಲೀಕರು ತಾವೇ ನೋಡಲಿ. ಇಷ್ಟಿದ್ದರೆ ದಿನವಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಅಗತ್ಯ ತಗ್ಗುತ್ತದೆ.

ಸಹಾಯಕರನ್ನು ಇಟ್ಟುಕೊಳ್ಳುವಷ್ಟು ಲಾಭವೇ ಇಲ್ಲ. ಆಗ ಏನು ಮಾಡುವುದು?

ಈ ಪ್ರಶ್ನೆ ಬಂದಾಗ ವಿಶ್ರಾಂತಿಯ ಮಾತನ್ನು ಬದಿಗಿಟ್ಟು ದರಪಟ್ಟಿಯನ್ನು ತೆಗೆದು ನೋಡಬೇಕು. ಬಹಳ ಮಾಲೀಕರು ಕಚ್ಚಾವಸ್ತು, ಬಾಡಿಗೆ, ವಿದ್ಯುತ್, ಸಂಬಳ ಎಲ್ಲವನ್ನೂ ಕೂಡಿಸಿ ದರ ಕಟ್ಟುತ್ತಾರೆ, ತಮ್ಮ ದುಡಿಮೆಗೆ ಮಾತ್ರ ಸಂಬಳ ಹಾಕಿಕೊಳ್ಳುವುದಿಲ್ಲ. ಉಳಿದದ್ದೆಲ್ಲ ತಮ್ಮದೇ ಎಂಬುದು ಅದರ ಹಿಂದಿನ ತರ್ಕ. ವಾರಕ್ಕೆ 70 ಗಂಟೆ ದುಡಿಯುವವರು ಅದರಲ್ಲಿ 25 ಗಂಟೆಯ ಕೆಲಸವನ್ನು ಬೇರೆಯವರಿಂದ ಮಾಡಿಸಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿ, ಆ ಮೊತ್ತವನ್ನು ಲಾಭದಿಂದ ಕಳೆದು ನೋಡಲಿ. ಕಳೆದ ಮೇಲೆ ಏನೂ ಉಳಿಯದಿದ್ದರೆ ಆ ಲಾಭ ಕಾಗದದ ಮೇಲಿನದು. ಗಿರಾಕಿಗಳಿಗೆ ಕೊಡುತ್ತಿರುವ ರಿಯಾಯಿತಿಯ ಖರ್ಚನ್ನು ಮಾಲೀಕರು ತಮ್ಮ ನಿದ್ರೆಯಿಂದ ಭರಿಸುತ್ತಿದ್ದಾರೆ ಎಂದು ಅರ್ಥ.

ದರ ಏರಿಸಿದರೆ ಗಿರಾಕಿಗಳು ಹೋಗುತ್ತಾರೆ ಎಂಬ ಭಯ ಸಹಜ, ಕೆಲವರು ಹೋಗುತ್ತಾರೆ ಕೂಡ. ಎಲ್ಲರಿಗೂ ಒಮ್ಮೆಲೇ ಏರಿಸುವ ಬದಲು ಹೊಸ ಗಿರಾಕಿಗಳಿಂದ ಆರಂಭಿಸಬಹುದು, ತುರ್ತು ಕೆಲಸಕ್ಕೆ ಬೇರೆ ದರ ಇಡಬಹುದು. ಅದಕ್ಕೂ ಮೊದಲು, ಯಾವ ಗಿರಾಕಿ ಎಷ್ಟು ಸಮಯ ತಿನ್ನುತ್ತಾರೆ ಎಂಬುದನ್ನು ಒಂದು ತಿಂಗಳು ಬರೆದಿಡುವುದು ಒಳ್ಳೆಯದು. ಅತಿ ಕಡಿಮೆ ಕೊಟ್ಟು, ಅತಿ ಹೆಚ್ಚು ತಿದ್ದುಪಡಿ ಕೇಳಿ, ಹಣವನ್ನೂ ತಡವಾಗಿ ಕೊಡುವ ಒಬ್ಬಿಬ್ಬರು ಬಹುತೇಕ ಎಲ್ಲರ ಪಟ್ಟಿಯಲ್ಲೂ ಇರುತ್ತಾರೆ. ಅಂಥ ಒಬ್ಬರನ್ನು ಸೌಜನ್ಯದಿಂದ ಬೀಳ್ಕೊಟ್ಟರೆ ಸಿಗುವ ಬಿಡುವು ಯಾವ ಸಮಯ ನಿರ್ವಹಣೆಯ ಉಪಾಯದಿಂದಲೂ ಸಿಗುವುದಿಲ್ಲ.

ಒಬ್ಬರೇ ನಡೆಸುವ ವ್ಯವಹಾರದಲ್ಲಿ, ಕೆಲಸ ಒಪ್ಪಿಸಲು ಯಾರೂ ಇಲ್ಲದಿದ್ದರೆ?

ಅಲ್ಲಿ ಬಿಡುವನ್ನು ಮಾತು ಕೊಡುವ ಹಂತದಲ್ಲಿಯೇ ಇಡಬೇಕು. ತಿಂಗಳ ಎಲ್ಲ ದಿನಗಳಿಗೂ ಕೆಲಸ ಒಪ್ಪಿಕೊಂಡವರಿಗೆ ಒಂದು ಜ್ವರ ಬಂದರೂ ಗಡುವುಗಳೆಲ್ಲ ಉರುಳುತ್ತವೆ. ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ ಒಪ್ಪಿಕೊಂಡು ಒಂದು ಪಾಲನ್ನು ಖಾಲಿ ಬಿಟ್ಟರೆ ತಡವಾದ ಕೆಲಸವೂ ವಿಶ್ರಾಂತಿಯೂ ಅದರಲ್ಲಿ ಹಿಡಿಯುತ್ತವೆ. ಅದೇ ವೃತ್ತಿಯ ನಂಬಿಕಸ್ಥರೊಬ್ಬರ ಜೊತೆ ಪರಸ್ಪರ ಒಪ್ಪಂದ ಮಾಡಿಕೊಂಡು, ಒಬ್ಬರು ರಜೆಯಲ್ಲಿದ್ದಾಗ ತುರ್ತು ಕೆಲಸವನ್ನು ಇನ್ನೊಬ್ಬರು ನೋಡಿಕೊಳ್ಳುವ ಏರ್ಪಾಟು ಹಲವರಿಗೆ ಒದಗಿಬಂದಿದೆ. ಗಿರಾಕಿ ಕೈತಪ್ಪುವ ಅಳುಕಿದ್ದರೆ, ಆ ಅವಧಿಯ ಬಿಲ್ ಯಾರ ಹೆಸರಿನಲ್ಲಿ ಹೋಗಬೇಕು ಎಂಬುದನ್ನು ಮೊದಲೇ ಬರೆದುಕೊಳ್ಳಲಿ. ರಜೆಯ ಅವಧಿಯ ಮನೆ ಖರ್ಚಿಗೆ ಪ್ರತಿ ಬಿಲ್ಲಿನಿಂದಲೂ ಒಂದು ಅಂಶವನ್ನು ಬೇರೆ ಖಾತೆಗೆ ಹಾಕುತ್ತ ಬರುವುದು, ನೌಕರರ ಸಂಬಳಸಹಿತ ರಜೆಗೆ ಸಮನಾದ ಏರ್ಪಾಟು.

ಗಿರಾಕಿಗಳು ರಾತ್ರಿ ಹನ್ನೊಂದಕ್ಕೂ ಸಂದೇಶ ಕಳುಹಿಸುತ್ತಾರೆ. ಉತ್ತರಿಸದಿದ್ದರೆ ಹೇಗೆ?

ರಾತ್ರಿ ಹನ್ನೊಂದಕ್ಕೆ ಒಮ್ಮೆ ಉತ್ತರಿಸಿದವರು, ಆ ಹೊತ್ತಿನಲ್ಲೂ ತಾವು ಸಿಗುತ್ತೇವೆ ಎಂದು ಗಿರಾಕಿಗೆ ತಿಳಿಸಿದಂತೆಯೇ. ಹೆಚ್ಚಿನ ಗಿರಾಕಿಗಳು ಆ ಹೊತ್ತಿನಲ್ಲಿ ಬರೆಯುವುದು ಮರೆತುಹೋದೀತು ಎಂಬ ಕಾರಣಕ್ಕೇ ಹೊರತು ಆಗಲೇ ಉತ್ತರ ಬೇಕೆಂದಲ್ಲ. ಸಂದೇಶ ತಲುಪಿದೆ, ಬೆಳಿಗ್ಗೆ ಇಷ್ಟು ಗಂಟೆಯೊಳಗೆ ಉತ್ತರಿಸುತ್ತೇವೆ ಎಂಬ ತಾನಾಗಿ ಹೋಗುವ ಮರುನುಡಿ ಸಾಕು, ಆದರೆ ಹೇಳಿದ ಹೊತ್ತಿಗೆ ಉತ್ತರ ಹೋಗಲೇಬೇಕು. ನಿಜವಾದ ತುರ್ತು ಇರುವ ವೃತ್ತಿಗಳಲ್ಲಿ ತುರ್ತು ಎಂದರೆ ಏನು ಎಂಬುದನ್ನು ಒಪ್ಪಂದದಲ್ಲಿ ಬರೆದು, ಅದಕ್ಕೆ ಪ್ರತ್ಯೇಕ ಸಂಖ್ಯೆಯನ್ನೂ ಪ್ರತ್ಯೇಕ ಶುಲ್ಕವನ್ನೂ ಇಟ್ಟರೆ ತುರ್ತುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ.

ಸಿಬ್ಬಂದಿಗೂ ಇದೇ ಮಾತು ಅನ್ವಯಿಸುತ್ತದೆ. ‘ನಾಳೆ ನೋಡಿದರೆ ಸಾಕು’ ಎಂದು ಮಾಲೀಕರು ಮಧ್ಯರಾತ್ರಿ ಕಳುಹಿಸುವ ಸಂದೇಶವನ್ನು ಯಾವ ನೌಕರರೂ ನಾಳೆಗೆ ಬಿಡುವುದಿಲ್ಲ.

ಮನೆಯಲ್ಲಿ ಕೂತರೂ ತಲೆಯಲ್ಲಿ ವ್ಯವಹಾರವೇ ಓಡುತ್ತದೆ. ಇದನ್ನು ನಿಲ್ಲಿಸುವ ಬಗೆ ಇದೆಯೇ?

ಪೂರ್ತಿ ನಿಲ್ಲಿಸುವುದು ಕಷ್ಟ, ತಗ್ಗಿಸುವುದು ಸಾಧ್ಯ. ಕೆಲಸದ ಹೊತ್ತು ಮುಗಿದ ಮೇಲೆ ಮನಸ್ಸೂ ಕೆಲಸದಿಂದ ಬಿಡಿಸಿಕೊಳ್ಳುವುದು ಚೇತರಿಕೆಗೆ ಬಹಳ ಮುಖ್ಯ ಎಂದು ಸಬೀನ್ ಸೊನೆನ್‌ಟಾಗ್ ಮುಂತಾದ ಮನೋವಿಜ್ಞಾನಿಗಳ ಸಂಶೋಧನೆ ತೋರಿಸಿದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಎಳೆಯುತ್ತದೆ. ಆದರೆ ಆ ಕೆಲಸವನ್ನು ಮುಗಿಸದಿದ್ದರೂ, ಯಾವಾಗ ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಯೋಜಿಸಿದರೆ ಆ ಎಳೆತ ಸಡಿಲಗೊಳ್ಳುತ್ತದೆ ಎಂದು 2011ರಲ್ಲಿ ಪ್ರಕಟವಾದ ಪ್ರಯೋಗಗಳು ಕಂಡುಕೊಂಡವು. ಹೀಗಾಗಿ ದಿನದ ಕೊನೆಯ ಹದಿನೈದು ನಿಮಿಷವನ್ನು ಹೊಸ ಕೆಲಸಕ್ಕೆ ಕೊಡದೆ, ಎಲ್ಲಿ ನಿಂತಿದೆ ಮತ್ತು ನಾಳೆಯ ಮೊದಲ ಹೆಜ್ಜೆ ಯಾವುದು ಎಂದು ಬರೆಯಲು ಮೀಸಲಿಡುವುದು ಉಪಯುಕ್ತ. ‘ಬಾಕಿ ವಸೂಲಿ ಮಾಡಬೇಕು’ ಎಂಬ ಬರಹ ತಲೆಯಿಂದ ಇಳಿಯುವುದಿಲ್ಲ. ‘ಬೆಳಿಗ್ಗೆ ಹತ್ತಕ್ಕೆ ಅವರ ಲೆಕ್ಕಿಗರಿಗೆ ಫೋನ್ ಮಾಡಿ ಮಾರ್ಚ್ ತಿಂಗಳ ಬಿಲ್ಲಿನ ಬಗ್ಗೆ ಕೇಳಬೇಕು’ ಎಂದರೆ ಇಳಿಯುತ್ತದೆ. ಮಂಚದ ಮೇಲೆ ಮಲಗಿ ಪ್ರತಿಸ್ಪರ್ಧಿಗಳ ಜಾಹೀರಾತು ನೋಡುವುದು ಮೈಗೆ ವಿಶ್ರಾಂತಿ ಕೊಟ್ಟರೂ ಮನಸ್ಸನ್ನು ಅಂಗಡಿಯಲ್ಲೇ ಕೂರಿಸಿರುತ್ತದೆ.

ವರ್ಷಕ್ಕೊಂದು ದೊಡ್ಡ ರಜೆ ಒಳ್ಳೆಯದೋ, ಆಗಾಗ ಸಣ್ಣ ಬಿಡುವೋ?

ರಜೆಯಿಂದ ಬಂದ ಹುರುಪು ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂದು ಅಧ್ಯಯನಗಳು ಹೇಳುವುದರಿಂದ, ಒಂದನ್ನೇ ಆರಿಸಬೇಕಾದರೆ ವಾರದ ಬಿಡುವನ್ನು ಆರಿಸಬೇಕು. ದೊಡ್ಡ ರಜೆಗೆ ಬೇರೆ ಉಪಯೋಗವಿದೆ: ವ್ಯವಹಾರ ಮಾಲೀಕರಿಲ್ಲದೆ ಎಲ್ಲಿ ತಡವರಿಸುತ್ತದೆ ಎಂಬುದನ್ನು ಒಂದು ದಿನದ ಗೈರುಹಾಜರಿ ತೋರಿಸುವುದಿಲ್ಲ.

ನಮ್ಮದು ಹಂಗಾಮಿನ ವ್ಯವಹಾರ. ಸುಗ್ಗಿಯ ತಿಂಗಳುಗಳಲ್ಲಿ ಬಿಡುವಿನ ಮಾತೇ ಇಲ್ಲ.

ಇಂಥವರು ವಾರದ ಲೆಕ್ಕಕ್ಕಿಂತ ವರ್ಷದ ಲೆಕ್ಕ ಇಡುವುದು ಸೂಕ್ತ. ಹಂಗಾಮು ಮುಗಿದ ನಂತರದ ಬಿಡುವನ್ನು ಹಂಗಾಮು ಶುರುವಾಗುವ ಮುನ್ನವೇ ದಿನಾಂಕ ಸಹಿತ ಗೊತ್ತುಮಾಡಿ, ಸಿಬ್ಬಂದಿಗೂ ಪೂರೈಕೆದಾರರಿಗೂ ತಿಳಿಸಿಬಿಡಬೇಕು. ನಂತರ ನೋಡೋಣ ಎಂದು ಬಿಟ್ಟರೆ ಲೆಕ್ಕ ಮುಗಿಸುವುದು, ಯಂತ್ರ ದುರಸ್ತಿ, ಬಾಕಿ ವಸೂಲಿ ಎಂದು ಆ ದಿನಗಳೂ ಸೋರಿಹೋಗುತ್ತವೆ. ಹಂಗಾಮಿನ ನಡುವೆಯೂ ನಿದ್ರೆಯ ಗಂಟೆಗಳನ್ನು ಮಾತ್ರ ಮುಟ್ಟಬಾರದು.

ರಜೆ ಮುಗಿಸಿ ಬಂದ ದಿನವೇ ಕೆಲಸದ ರಾಶಿ ಕಾದಿರುತ್ತದೆ. ಅದಕ್ಕಿಂತ ಹೋಗದಿರುವುದೇ ಮೇಲಲ್ಲವೇ?

ಮರಳುವ ದಿನಾಂಕವನ್ನು ಹೊರಗಿನವರಿಗೆ ಒಂದು ದಿನ ತಡವಾಗಿ ಹೇಳಿರುವುದು ಸುಲಭದ ಉಪಾಯ. ಆ ದಿನ ಯಾವ ಭೇಟಿಯನ್ನೂ ಇಟ್ಟುಕೊಳ್ಳಬಾರದು. ಸಂದೇಶಗಳ ರಾಶಿಗೆ ಕೈಹಾಕುವ ಮೊದಲು, ತಾವಿಲ್ಲದಾಗ ಸಿಬ್ಬಂದಿ ತೆಗೆದುಕೊಂಡ ತೀರ್ಮಾನಗಳ ಪುಸ್ತಕವನ್ನು ಅವರ ಜೊತೆ ಕೂತು ಓದಬೇಕು. ಸರಿಯಾಗಿ ನಡೆದ ಕೆಲಸಗಳನ್ನು ಇನ್ನು ಮುಂದೆ ಮಾಲೀಕರು ಊರಲ್ಲಿದ್ದರೂ ಸಿಬ್ಬಂದಿಯೇ ನೋಡಿಕೊಳ್ಳಲಿ ಎಂದು ಅಲ್ಲಿಯೇ ಗುರುತು ಹಾಕಬೇಕು, ಎಡವಿದ ಕಡೆ ಯಾವ ಮಾಹಿತಿ ಅಥವಾ ಯಾವ ನಿಯಮ ಇಲ್ಲದ್ದರಿಂದ ಹಾಗಾಯಿತು ಎಂದು ಬರೆಯಬೇಕು. ಸಂದೇಶಗಳಲ್ಲಿ ಹಳೆಯದಕ್ಕಿಂತ ಹೊಸದನ್ನು ಮೊದಲು ಓದುವುದು ಒಳ್ಳೆಯದು, ಏಕೆಂದರೆ ವಾರದ ಹಿಂದೆ ಬಂದ ಎಷ್ಟೋ ತುರ್ತುಗಳು ಅಷ್ಟರಲ್ಲಿ ತಾವಾಗಿಯೇ ಬಗೆಹರಿದಿರುತ್ತವೆ.